ಎಲ್ಲರ ಬೆರಳಿಗೂ ಒಂದೇ ಚುಚ್ಚುಪೆನ್ನು: ನಮ್ಮೂರ ವೈದ್ಯರಿಗೆ ಹೇಗೆ ಹೇಳಲಿ?

ಪ್ರಶ್ನೆ – ತುಂಗಾತೀರದವಳು

ನಮ್ಮದು ಮಲೆನಾಡಿನ ಸಣ್ಣ ಪೇಟೆ. ಬಸ್ ನಿಲ್ದಾಣದ ಹಿಂದಿನ ಓಣಿಯ ಹೆಂಚಿನ ಮನೆಯಲ್ಲಿ ವೈದ್ಯರೊಬ್ಬರು ಮೂವತ್ತು ವರ್ಷಗಳಿಂದ ಕ್ಲಿನಿಕ್ ನಡೆಸುತ್ತಿದ್ದಾರೆ. ಅಪ್ಪನಿಗೆ ಎದೆನೋವು ಬಂದ ರಾತ್ರಿ ಆಷಾಢದ ಮಳೆಯಲ್ಲಿ ನೆನೆದುಕೊಂಡು, ಟಾರ್ಚ್ ಹಿಡಿದು ನಮ್ಮ ಹಳ್ಳದ ಸಂಕ ದಾಟಿ ಬಂದವರು ಅವರೇ. ಈಗಲೂ ಐವತ್ತು ರೂಪಾಯಿಗಿಂತ ಹೆಚ್ಚು ಕೇಳುವುದಿಲ್ಲ. ಅವರ ಮೇಲೆ ನನಗಿರುವ ಗೌರವ ಎಷ್ಟೆಂದು ತಿಳಿಯಲಿ ಎಂದೇ ಇದನ್ನೆಲ್ಲ ಮೊದಲು ಬರೆದೆ.

ಅಮ್ಮನಿಗೆ ಅರವತ್ತೆಂಟು ವರ್ಷ, ಸಕ್ಕರೆ ಕಾಯಿಲೆ. ತಿಂಗಳಿಗೊಮ್ಮೆ, ಸಂತೆಯ ದಿನ, ಬರಿಹೊಟ್ಟೆಯಲ್ಲಿ ಹೋಗಿ ಅಲ್ಲೇ ಶುಗರ್ ಪರೀಕ್ಷೆ ಮಾಡಿಸಿಕೊಳ್ಳುತ್ತಾರೆ. ಈ ಸಲ ರಜೆಯಲ್ಲಿದ್ದುದರಿಂದ ನಾನೂ ಹೋಗಿದ್ದೆ. ಬೆಂಚಿನ ಮೇಲೆ ಹನ್ನೊಂದು ಜನ ಕೈ ಚಾಚಿ ಕುಳಿತಿದ್ದರು. ಕಾಂಪೌಂಡರ್ ಪೆನ್ನಿನಂಥ ಸಾಧನವೊಂದನ್ನು ಬೆರಳಿಗೆ ಒತ್ತಿ ಟಕ್ಕೆನ್ನಿಸುತ್ತ ಸಾಲಾಗಿ ಬರುತ್ತಿದ್ದರು. ಒಳಗಿನ ಸೂಜಿಯನ್ನು ಪ್ರತಿಯೊಬ್ಬರಿಗೂ ಬದಲಾಯಿಸುತ್ತಿದ್ದರು, ಅದನ್ನು ಗಮನವಿಟ್ಟು ನೋಡಿದೆ. ಆದರೆ ಬೆರಳಿಗೆ ತಾಗುವ ತುದಿಯ ಮುಚ್ಚಳ ಎಲ್ಲರಿಗೂ ಒಂದೇ. ಅಮ್ಮನ ಸರದಿ ಬಂದಾಗ ಆ ಮುಚ್ಚಳದ ರಂಧ್ರದ ಸುತ್ತ ಕಂದು ಕಲೆ ಕಂಡಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಚುಚ್ಚಿ ಆಗಿತ್ತು.

ಸೂಜಿ ಹೊಸದಾಗಿದ್ದರೂ ಇದು ಅಪಾಯವೇ? ಅಪಾಯವಾದರೆ ಅಮ್ಮನಿಗೆ ಈಗೇನು ಮಾಡಿಸಬೇಕು? ಅದಕ್ಕಿಂತ ಕಷ್ಟದ ಪ್ರಶ್ನೆ: ಇದನ್ನು ಆ ವೈದ್ಯರಿಗೆ ಹೇಳುವುದು ಹೇಗೆ? ಅಮ್ಮನಂತೂ "ದೇವರಂಥವರ ಹತ್ತಿರ ತಕರಾರು ತೆಗೆಯಬೇಡ" ಎಂದು ಎರಡು ದಿನದಿಂದ ನನ್ನೊಂದಿಗೆ ಸರಿಯಾಗಿ ಮಾತನಾಡುತ್ತಿಲ್ಲ.

ಉತ್ತರ – ನಿವೃತ್ತ ಶುಶ್ರೂಷಕಿ

ತಾಲ್ಲೂಕು ಆಸ್ಪತ್ರೆಗಳಲ್ಲಿ ಮೂವತ್ತೊಂದು ವರ್ಷ ದುಡಿದವಳು ನಾನು. ಹೌದು, ಅಪಾಯವೇ. ಇಂಜೆಕ್ಷನ್ ಸೂಜಿಯ ಬಗ್ಗೆ ಈಗ ಜನರಲ್ಲಿ ಎಚ್ಚರ ಬಂದಿದೆ, ಈ ಪೆನ್ನಿನ ಬಗ್ಗೆ ಬಂದಿಲ್ಲ. ಚುಚ್ಚಿದ ಸೂಜಿ ಹಿಂದಕ್ಕೆ ಸರಿಯುವಾಗ ರಕ್ತದ ಕಣ ಮುಚ್ಚಳದ ಒಳಗೂ ಅಂಟುತ್ತದೆ. ಯಕೃತ್ತಿಗೆ ಸೋಂಕು ತರುವ ಹೆಪಟೈಟಿಸ್ ಬಿ ವೈರಾಣು ಒಣಗಿದ ರಕ್ತದಲ್ಲಿ ಕನಿಷ್ಠ ಏಳು ದಿನ ಜೀವಂತವಾಗಿರಬಲ್ಲದು, ಅದೂ ಕಣ್ಣಿಗೆ ಕಾಣದಷ್ಟು ರಕ್ತದಲ್ಲಿ. ನಿಮಗೆ ಕಲೆ ಕಂಡಿದ್ದು ಒಳ್ಳೆಯದೇ ಆಯಿತು. ಕಾಣದಿದ್ದರೂ ಅಪಾಯ ಅಷ್ಟೇ ಇರುತ್ತಿತ್ತು. ಸ್ಪಿರಿಟ್ ಹತ್ತಿಯಿಂದ ಒರೆಸಿದರೆ ಸಾಕು ಎನ್ನುವವರ ಮಾತನ್ನು ನಂಬಬೇಡಿ. ಆ ಪೆನ್ನು ತಯಾರಾದದ್ದೇ ಮನೆಯಲ್ಲಿ ಒಬ್ಬರೇ ಬಳಸಲಿ ಎಂದು. ಕ್ಲಿನಿಕ್ಕಿನಲ್ಲಿ ಬಳಸಬೇಕಾದದ್ದು ಒಮ್ಮೆ ಚುಚ್ಚಿದ ಮೇಲೆ ಸೂಜಿ ತಾನಾಗಿ ಒಳಗೆ ಸೇರಿಕೊಂಡು ಮತ್ತೆ ಚುಚ್ಚಲಾಗದಂತೆ ಆಗುವ ಲ್ಯಾನ್ಸೆಟ್. ರಕ್ತ ತಾಗಬಹುದಾದ ಗ್ಲುಕೋಮೀಟರನ್ನೂ ಒಬ್ಬರಿಂದ ಒಬ್ಬರಿಗೆ ಸೋಂಕುನಾಶಕದಿಂದ ಒರೆಸಬೇಕು.

ಅಮ್ಮನ ವಿಚಾರಕ್ಕೆ ಬರುತ್ತೇನೆ. ಗಾಬರಿ ಬೇಡ, ಉದಾಸೀನವೂ ಬೇಡ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಎಚ್‌ಐವಿ ಪರೀಕ್ಷೆಗಳನ್ನು ಈಗ ಒಮ್ಮೆ ಮಾಡಿಸಿ, ಆರು ತಿಂಗಳ ನಂತರ ಇನ್ನೊಮ್ಮೆ ಮಾಡಿಸಿ. ಸೋಂಕು ತಗುಲಿದ ಕೂಡಲೇ ರಕ್ತದಲ್ಲಿ ಕಾಣಿಸಿಕೊಳ್ಳುವುದಿಲ್ಲವಾದ್ದರಿಂದ ಎರಡನೆಯ ಪರೀಕ್ಷೆಯನ್ನು ಬಿಡಬಾರದು. ಹೆಪಟೈಟಿಸ್‌ಗೆ 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಅಡಿಯಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ. ಹೆಪಟೈಟಿಸ್ ಬಿ ಇಲ್ಲವೆಂದು ಗೊತ್ತಾದರೆ ಲಸಿಕೆ ಕೊಡಿಸಿ: ಮೊದಲ ಡೋಸ್, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಮಕ್ಕಳಿಗೆ ಈ ಲಸಿಕೆ ದೇಶದಾದ್ಯಂತ ಸಿಗತೊಡಗಿದ್ದೇ 2011ರಿಂದ ಈಚೆಗೆ. ಅಮ್ಮನ ತಲೆಮಾರಿನವರಲ್ಲಿ ಅದನ್ನು ಹಾಕಿಸಿಕೊಂಡವರು ಬಹಳ ಕಡಿಮೆ.

ಉತ್ತರ – ಬೆಟಗೇರಿ ರಸ್ತೆ

ಮೂವತ್ತು ವರ್ಷದಲ್ಲಿ ಅಲ್ಲಿ ಯಾರಿಗಾದರೂ ಏನಾದರೂ ಆಗಿದೆಯೇ? ನಮ್ಮ ಊರಲ್ಲಿ ಇದ್ದ ಒಬ್ಬ ವೈದ್ಯರೂ ಮಗನ ಊರಿಗೆ ಹೋಗಿಬಿಟ್ಟರು. ಈಗ ಜ್ವರ ಬಂದರೆ ನಲವತ್ತು ಕಿಲೋಮೀಟರ್ ಹೋಗಬೇಕು. ಇರುವವರ ತಪ್ಪು ಹುಡುಕುವ ಮುನ್ನ ಸ್ವಲ್ಪ ಯೋಚಿಸಿ.

ಉತ್ತರ – ನಿವೃತ್ತ ಶುಶ್ರೂಷಕಿ

ಏನೂ ಆಗಿಲ್ಲ ಎಂದು ಹೇಳುವುದು ಹೇಗೆ? ಹೆಪಟೈಟಿಸ್ ಬಿ, ಸಿ ಎರಡೂ ಯಕೃತ್ತಿನಲ್ಲಿ ಹತ್ತಿಪ್ಪತ್ತು ವರ್ಷ ಸದ್ದಿಲ್ಲದೆ ಕುಳಿತಿರಬಲ್ಲವು. ಹೊಟ್ಟೆಯಲ್ಲಿ ನೀರು ತುಂಬಿ ಬಂದವರಿಗೆ "ಎಲ್ಲಿಂದ ಬಂತು" ಎಂದು ಕೇಳಿದರೆ ಯಾವ ಚುಚ್ಚಿನ ನೆನಪಿರುತ್ತದೆ? ಅಂಥವರ ಹಾಸಿಗೆಯ ಪಕ್ಕ ನಿಂತು ರಾತ್ರಿಪಾಳಿ ಮಾಡಿದ್ದೇನೆ. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಹೆಪಟೈಟಿಸ್ ಬಿ ಹಬ್ಬಿ ಜನ ಸತ್ತರು. ಸಿರಿಂಜುಗಳನ್ನು ಮತ್ತೆ ಮತ್ತೆ ಬಳಸಿದ್ದು ಅದಕ್ಕೆ ಕಾರಣವಾಗಿತ್ತು. ಅಲ್ಲಿಯೂ ಜನ ನಂಬಿಯೇ ತೋಳು ಚಾಚಿದ್ದರು.

ಉತ್ತರ – ಒಂದೇ ಕೋಣೆಯ ಕ್ಲಿನಿಕ್ಕಿನ ವೈದ್ಯ

ಗದಗ ಜಿಲ್ಲೆಯ ಒಂದು ಹೋಬಳಿಯಲ್ಲಿ ಹದಿನಾರು ವರ್ಷಗಳಿಂದ ಒಬ್ಬನೇ ಕ್ಲಿನಿಕ್ ನಡೆಸುತ್ತಿದ್ದೇನೆ. ನಿಮ್ಮ ಪ್ರಶ್ನೆ ಓದಿ ಎದ್ದು ಹೋಗಿ ನನ್ನ ಮೇಜಿನ ಖಾನೆ ತೆರೆದು ನೋಡಿದೆ. ಅಲ್ಲಿಯೂ ಅಂಥದ್ದೇ ಒಂದು ಪೆನ್ನು ಇತ್ತು. ಗ್ಲುಕೋಮೀಟರಿನ ಪೆಟ್ಟಿಗೆಯಲ್ಲೇ ಬರುತ್ತದೆ, ಯಾವತ್ತೋ ಬಳಸಲು ಆರಂಭಿಸಿರುತ್ತೇವೆ. ಇವತ್ತು ಅದನ್ನು ಎಸೆದೆ. ನನ್ನಲ್ಲಿ ಹಾಗೆ ಚುಚ್ಚಿಸಿಕೊಂಡವರನ್ನು ಪರೀಕ್ಷೆಗೆ ಕರೆಯಬೇಕು. ನಾಳೆಯಿಂದ ಪುಸ್ತಕ ನೋಡಿ ಹೆಸರು ಬರೆದುಕೊಳ್ಳುತ್ತೇನೆ.

ನಮ್ಮಂಥವರ ಕಷ್ಟವನ್ನೂ ಹೇಳುತ್ತೇನೆ. ಗಾಯಕ್ಕೆ ಹೊಲಿಗೆ ಹಾಕುವ ಉಪಕರಣಗಳನ್ನು ಆಟೋಕ್ಲೇವಿನಲ್ಲಿ, ಅಂದರೆ ಒತ್ತಡದ ಹಬೆಯಿಂದ ಕ್ರಿಮಿ ಕೊಲ್ಲುವ ಪಾತ್ರೆಯಲ್ಲಿ, 121 ಡಿಗ್ರಿ ಶಾಖದಲ್ಲಿ, 15 ಪೌಂಡ್ ಒತ್ತಡದಲ್ಲಿ ಕನಿಷ್ಠ ಹದಿನೈದು ನಿಮಿಷ ಇಡಬೇಕು. ನಡುವೆ ಕರೆಂಟ್ ಹೋದರೆ ಎಣಿಕೆ ಮೊದಲಿಂದ ಶುರು. ಹಳೆಯ ಕಾಲದಂತೆ ಸ್ಟೀಲ್ ಡಬ್ಬಿಯ ನೀರಿನಲ್ಲಿ ಕುದಿಸಿದರೆ ಧನುರ್ವಾಯುವಿನ ಬೀಜಕಣ ಸಾಯುವುದಿಲ್ಲ. ಪೊಟ್ಟಣ ಆಟೋಕ್ಲೇವಿಗೆ ಹೋಗಿ ಬಂದಿದೆಯೇ ಎಂದು ತಿಳಿಯಲು ಅದರ ಮೇಲೆ ಒಂದು ಪಟ್ಟಿ ಅಂಟಿಸುತ್ತೇವೆ, ಶಾಖ ತಾಗಿದರೆ ಅದರ ಗೆರೆಗಳು ಕಪ್ಪಾಗುತ್ತವೆ. ಮುಂದಿನ ಸಲ ಡ್ರೆಸ್ಸಿಂಗ್ ಪೊಟ್ಟಣದ ಮೇಲೆ ಆ ಗೆರೆಗಳನ್ನು ನೀವೂ ನೋಡಬಹುದು. ಕೇಳಿದರೆ ತೋರಿಸುವುದು ನಮ್ಮ ಕರ್ತವ್ಯ.

ನೋಂದಣಿಯ ವಿಷಯ ಯಾರಾದರೂ ಎತ್ತಿಯೇ ಎತ್ತುತ್ತಾರೆ, ಆದ್ದರಿಂದ ನಾನೇ ಹೇಳುತ್ತೇನೆ. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ನಮ್ಮಂಥ ಸಣ್ಣ ಕ್ಲಿನಿಕ್ಕೂ ನೋಂದಣಿ ಮಾಡಿಸಿ, ಪ್ರಮಾಣಪತ್ರವನ್ನು ರೋಗಿಗಳಿಗೆ ಕಾಣುವಂತೆ ತೂಗುಹಾಕಬೇಕು. ದೂರು ಕೇಳಲು ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರವಿದೆ. ಆದರೆ ನಿಮ್ಮ ವಿಷಯದಲ್ಲಿ ಅದು ಮೊದಲ ಹೆಜ್ಜೆಯಾಗಬಾರದು. ಕ್ಲಿನಿಕ್ ಮುಚ್ಚಿದ ಮೇಲೆ, ಬೇರೆ ರೋಗಿಗಳಿಲ್ಲದಾಗ ಹೋಗಿ. ಕಾಂಪೌಂಡರ್ ಮುಂದೆ ಹೇಳಬೇಡಿ. ಕಂಡದ್ದನ್ನು ಕಂಡಷ್ಟೇ ಹೇಳಿ. ಕೇಳಿಯೂ ತಿದ್ದಿಕೊಳ್ಳದಿದ್ದರೆ ಆಗ ಜಿಲ್ಲಾ ಆರೋಗ್ಯಾಧಿಕಾರಿಯ ಕಚೇರಿಗೆ ಬರೆಯಲು ಹಿಂಜರಿಯಬೇಡಿ. ಅಮ್ಮನಿಗಂತೂ ಸ್ವಂತ ಗ್ಲುಕೋಮೀಟರ್ ಕೊಡಿಸಿ.

ಉತ್ತರ – ತುಂಗಾತೀರದವಳು

ಎಲ್ಲರಿಗೂ ಕೃತಜ್ಞಳು. ಭಾನುವಾರ ಸಂಜೆ ಹೋಗಿದ್ದೆ. ಮನೆಯಿಂದ ಹೊರಡುವಾಗ ಅಮ್ಮ ಏನೂ ಮಾತನಾಡಲಿಲ್ಲ, ಆದರೆ ಹೊಸದಾಗಿ ಹಾಕಿದ ಮಿಡಿ ಉಪ್ಪಿನಕಾಯಿಯ ಒಂದು ಬಾಟಲಿ ಕೈಗೆ ಕೊಟ್ಟರು.

ವೈದ್ಯರು ಜಗಲಿಯಲ್ಲಿ ಪತ್ರಿಕೆ ಓದುತ್ತಿದ್ದರು. ಹನ್ನೊಂದು ಜನ, ಒಂದು ಮುಚ್ಚಳ, ಕಂದು ಕಲೆ ಎಂದು ಇಲ್ಲಿ ಬರೆದಂತೆಯೇ ಹೇಳಿದೆ. ನನ್ನ ದನಿ ನಡುಗುತ್ತಿತ್ತು. ಅವರು ಒಳಗೆ ಹೋಗಿ ಆ ಪೆನ್ನನ್ನು ತಂದು, ಕನ್ನಡಕ ಏರಿಸಿ, ಮುಚ್ಚಳ ಬಿಚ್ಚಿ ಬೆಳಕಿಗೆ ಹಿಡಿದರು. ಬಹಳ ಹೊತ್ತು ಮಾತಿಲ್ಲ. ಆಮೇಲೆ "ಸೂಜಿ ಬದಲಾಯಿಸುತ್ತಾನೋ ಇಲ್ಲವೋ ಎಂದು ಮಾತ್ರ ನೋಡುತ್ತಿದ್ದೆ, ಇದನ್ನು ನೋಡಿರಲಿಲ್ಲ" ಎಂದರು. ಈ ಪೆನ್ನು ಎಷ್ಟು ಕಾಲದಿಂದ ಇದೆ ಎಂದು ಕೇಳಿದೆ. ಎರಡು ವರ್ಷ ಎಂದರು. ಅಷ್ಟೂ ಜನರನ್ನು ಪರೀಕ್ಷೆಗೆ ಕಳುಹಿಸಬೇಕಾಗುತ್ತದೆ ಎಂದು ಅವರೇ ಹೇಳಿದರು, ನಾನು ಕೇಳಬೇಕಾಗಿ ಬರಲಿಲ್ಲ. ಸೋಮವಾರ ತಾಲ್ಲೂಕು ಆಸ್ಪತ್ರೆಗೆ ತಾವೇ ಹೋಗಿ ಮಾತನಾಡಿದ್ದಾರಂತೆ.

ನಿನ್ನೆ ಸಂತೆ. ಮೇಜಿನ ಮೇಲೆ ಲ್ಯಾನ್ಸೆಟ್‌ಗಳ ಹೊಸ ಪೆಟ್ಟಿಗೆ ಇತ್ತು. ಕಾಂಪೌಂಡರ್ ನನ್ನ ಮುಖ ನೋಡಲಿಲ್ಲ. ಅವರಿಗೆ ಬೇಸರವಾಗಿದೆ, ಅವರೊಂದಿಗೂ ಒಮ್ಮೆ ಕುಳಿತು ಮಾತನಾಡಬೇಕು. ಅಮ್ಮನ ಮೂರೂ ಪರೀಕ್ಷೆಗಳಲ್ಲಿ ಏನೂ ಇಲ್ಲವೆಂದು ಬಂದಿದೆ. ಆರು ತಿಂಗಳ ನಂತರದ ದಿನವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಹೋದರೆ ಅದು ಮುಂದಿನ ವರ್ಷಕ್ಕೆ ಬೀಳುತ್ತಿತ್ತು, ಹಾಗಾಗಿ ಗೋಡೆಯ ಮೇಲೆಯೇ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.

ಶುಶ್ರೂಷಕಿ ಅಕ್ಕನವರಲ್ಲಿ ಇನ್ನೊಂದು ಪ್ರಶ್ನೆ. ಬಳಸಿದ ಲ್ಯಾನ್ಸೆಟ್‌ಗಳನ್ನು ಅಲ್ಲಿ ಹತ್ತಿಯ ಜೊತೆ ಹಳದಿ ಚೀಲಕ್ಕೇ ಹಾಕುತ್ತಿದ್ದರು. ಅದು ಸರಿಯೇ?

ಉತ್ತರ – ನಿವೃತ್ತ ಶುಶ್ರೂಷಕಿ

ಸರಿಯಲ್ಲ. ಹಳದಿ ಚೀಲ ರಕ್ತ ತಾಗಿದ ಹತ್ತಿ, ಬ್ಯಾಂಡೇಜಿಗೆ. ಚುಚ್ಚುವಂಥದ್ದೆಲ್ಲ ಸೂಜಿ ತೂರದಂಥ ಬಿಳಿ ಡಬ್ಬಿಗೆ ಹೋಗಬೇಕು, 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಹಾಗೆಯೇ ಹೇಳುತ್ತದೆ. ಚೀಲ ಹೊರುವವರ ಕೈಗೆ, ಕಾಲಿಗೆ ಚುಚ್ಚುತ್ತದಮ್ಮ. ಕಾಂಪೌಂಡರ್ ಜೊತೆ ಮಾತನಾಡಲು ಹೋಗುವಾಗ ಇದನ್ನು ಹೇಳಿ. ಮೊದಲು ಚುಚ್ಚುವುದು ಅವರ ಕೈಗೇ. ಅವರು ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿದ್ದಾರೆಯೇ ಎಂದೂ ಕೇಳಿ.