ಅಪ್‌ಡೇಟ್: ಅಮ್ಮನ ಒಣಕೆಮ್ಮಿಗೆ ಕಾರಣ ಸಿಕ್ಕಿತು

ಅಮ್ಮನ ಒಣಕೆಮ್ಮು ತಿಂಗಳುಗಳಾದರೂ ಸಿರಪ್ಪು, ಕಷಾಯ ಯಾವುದಕ್ಕೂ ಬಗ್ಗುತ್ತಿಲ್ಲ, ಏನು ಮಾಡಲಿ ಅಂತ ಕೇಳಿದ್ದೆ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಲೇಬೇಕು ಅಂತ ಹಲವರು ಹೇಳಿದಿರಿ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಆಯಿತು. ಟಿಬಿ ಇಲ್ಲ. ಎಕ್ಸ್‌ರೇಯಲ್ಲೂ ಏನೂ ಕಾಣಲಿಲ್ಲ.

ಆಮೇಲೆ ಡಾಕ್ಟರು ಅಮ್ಮ ನುಂಗುವ ಮಾತ್ರೆಗಳನ್ನೆಲ್ಲ ತರಿಸಿ ನೋಡಿದರು. ಅನುಮಾನ ಬಂದಿದ್ದು ಬಿಪಿಯ ರಾಮಿಪ್ರಿಲ್ ಮೇಲೆ. ರಾಮಿಪ್ರಿಲ್ ಗುಂಪಿನ ಮಾತ್ರೆಗಳಿಂದ ದೇಹದಲ್ಲಿ ಬ್ರಾಡಿಕೈನಿನ್ ಎಂಬ ವಸ್ತು ಜಾಸ್ತಿಯಾಗಿ ಕೆಲವರಿಗೆ ಗಂಟಲು ಕೆರೆತ, ಒಣಕೆಮ್ಮು ಬರುತ್ತದೆ. ಮಾತ್ರೆ ಶುರುವಾಗಿ ತಿಂಗಳುಗಳ ಮೇಲೂ ಬರಬಹುದು, ಅದಕ್ಕೇ ಬೇಗ ಹೊಳೆಯುವುದಿಲ್ಲ ಅಲ್ವಾ. ಈಗ ಅದನ್ನು ನಿಲ್ಲಿಸಿ, ಬಿಪಿಗೆ ಟೆಲ್ಮಿಸಾರ್ಟನ್ ಅನ್ನುವ ಬೇರೆ ಗುಂಪಿನ ಮಾತ್ರೆ ಕೊಟ್ಟಿದ್ದಾರೆ. ಹಳೆ ಮಾತ್ರೆ ನಿಲ್ಲಿಸಿದ ಮೇಲೆ ಕೆಮ್ಮು ಹೋಗಲು ಸಾಮಾನ್ಯವಾಗಿ 1ರಿಂದ 4 ವಾರ, ಕೆಲವರಿಗೆ 3 ತಿಂಗಳೂ ಬೇಕು. ಅಮ್ಮ ಈಗ ರಾತ್ರಿ ನಿದ್ದೆ ಮಾಡುತ್ತಿದ್ದಾರೆ. ನನಗೆ ಅದೇ ದೊಡ್ಡ ಸಮಾಧಾನ.

ನಿಮ್ಮ ಮನೆಯಲ್ಲೂ ಹೀಗಿದ್ದರೆ ದಯವಿಟ್ಟು ಬಿಪಿ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ. ಕೆಮ್ಮಿನ ಜೊತೆ ರಕ್ತ ಬಂದರೆ, ಉಸಿರಾಡಲು ಕಷ್ಟವಾದರೆ, ಎದೆ ನೋವಿದ್ದರೆ ಎರಡು ವಾರ ಅಂತೆಲ್ಲ ಲೆಕ್ಕ ಹಾಕಬೇಡಿ, ಅವತ್ತೇ ಹೋಗಿ. ಪರೀಕ್ಷೆ ಮಾಡಿಸಿ ಅಂತ ಒತ್ತಿ ಹೇಳಿದ ಎಲ್ಲರಿಗೂ ಧನ್ಯವಾದ.