‘ನಾಜೂಕು’ ಅಂದ್ರೆ ನಿಮ್ಮ ಕಡೆ ಬೈದ ಹಾಗಾ?

ಗೆಳೆಯರೆ, ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು. ‘ಹೈಲಿ ಸೆನ್ಸಿಟಿವ್ ಪರ್ಸನ್’ ಅನ್ನೋದಕ್ಕೆ ಕನ್ನಡದಲ್ಲಿ ಏನಂತ ಬರೆಯೋದು? ತಾಯಿ ತನ್ನ ಮಗನ ಎದುರಿಗೇ ಆಡಬಹುದಾದ, ಅದನ್ನು ಕೇಳಿ ಆ ಮಗ ತಲೆ ತಗ್ಗಿಸದಂಥ ಪದ ಬೇಕು ನನಗೆ.

ನಾನು ಬೀದರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಚಿತ್ರಕಲೆ ಕಲಿಸುತ್ತೇನೆ. ಪಾಲಕರ ಸಭೆಯಲ್ಲಿ ಹಂಚಲಿಕ್ಕೆ ಈ ವಿಷಯದ ಮೇಲೆ ಒಂದು ಪುಟ ಬರೀತಿದ್ದೇನೆ. ತಲೆಬರಹದಲ್ಲೇ ನಿಂತಿದ್ದೇನೆ.

ವಿಷಯ ಗೊತ್ತಿಲ್ಲದವರಿಗೆ ಸ್ವಲ್ಪದರಲ್ಲಿ ಹೇಳ್ತೀನಿ. ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲೈನ್ ಆರನ್ 1990ರ ದಶಕದಲ್ಲಿ ಈ ಮಾತನ್ನು ಬಳಕೆಗೆ ತಂದರು. 1997ರಲ್ಲಿ ಗಂಡನ ಜೊತೆ ಸೇರಿ ಇದನ್ನು ಅಳೆಯೋಕೆ 27 ಪ್ರಶ್ನೆಗಳ ಒಂದು ಮಾಪನವನ್ನೂ ಪ್ರಕಟಿಸಿದರು. ನೂರಕ್ಕೆ 15ರಿಂದ 20 ಜನ ಹೀಗಿರುತ್ತಾರೆ ಅನ್ನೋದು ಅವರ ಅಂದಾಜು. ಇದು ಕಾಯಿಲೆ ಅಲ್ಲ, ಹುಟ್ಟುಗುಣ. ನಾಚಿಕೆ ಸ್ವಭಾವವೂ ಅಲ್ಲ, ಇಂಥವರಲ್ಲಿ ನೂರಕ್ಕೆ ಸುಮಾರು ಮೂವತ್ತು ಜನ ಎಲ್ಲರ ಜೊತೆ ಬೆರೆಯೋರೇ ಅಂತಾರೆ ಆರನ್. ಮುಖ್ಯ ಮಾತು ಏನಂದ್ರೆ, ಇದು ಬರೀ ಮನಸ್ಸಿನ ನೋವು ನಲಿವಿನ ವಿಷಯ ಅಲ್ಲ. ಸದ್ದು, ಬೆಳಕು, ವಾಸನೆ, ಮೈಗೆ ತಾಗೋ ಬಟ್ಟೆ, ಎದುರಿಗಿದ್ದವರ ಮುಖದಲ್ಲಾದ ಸಣ್ಣ ಬದಲಾವಣೆ, ಎಲ್ಲವೂ ಇವರಿಗೆ ಬೇರೆಯವರಿಗಿಂತ ಜಾಸ್ತಿ ತಟ್ಟುತ್ತೆ. ತಟ್ಟಿದ್ದು ಬೇಗ ಬಿಟ್ಟೂ ಹೋಗಲ್ಲ.

ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದಾನೆ. ಬಿಸಿಯೂಟದ ಹೊತ್ತಿಗೆ ಸ್ಟೀಲ್ ತಾಟುಗಳು ಕಟ್ಟೆ ಮೇಲೆ ಬಡಿಯೋ ಸದ್ದಿಗೆ ಕಿವಿ ಮುಚ್ಚಿಕೊಂಡು ದೂರ ಹೋಗಿ ಕೂರ್ತಾನೆ. ಅಂಗಿ ಕಾಲರಿನ ಒಳಗಿನ ಲೇಬಲ್ ಕತ್ತರಿಸಿ ಹಾಕಿದ್ದಾನೆ, ಚುಚ್ಚುತ್ತೆ ಅಂತ. ಪಕ್ಕದವನಿಗೆ ಬೈದರೆ ಇವನ ಕಣ್ಣು ತುಂಬುತ್ತೆ. ಒಮ್ಮೆ ಮಕ್ಕಳನ್ನು ಕೋಟೆಗೆ ಕರ್ಕೊಂಡು ಹೋಗಿ ಗೋಡೆ ನೋಡಿ ಬರೆಯಿರಿ ಅಂದೆ. ಉಳಿದವರು ಒಂದೇ ಕೆಂಪು ಬಳಿದರು. ಇವನು ಜಂಬಿಟ್ಟಿಗೆ ಕಲ್ಲಿನ ಒಂದೊಂದು ತೂತಿನೊಳಗೂ ನೆರಳು ಬೇರೆ ಅಂತ ಕಂಡು, ಕಂದು, ನೇರಳೆ, ಹೊಗೆಬಣ್ಣ ಎಲ್ಲ ಬೆರೆಸಿ ಒಂದು ಗೇಣು ಗೋಡೆ ಮಾತ್ರ ಮುಗಿಸಿದ. ಆ ಗೇಣು ಗೋಡೆಯನ್ನು ನೀವು ನೋಡಬೇಕಿತ್ತು. ತಾಟಿನ ಸದ್ದಿಗೆ ಓಡೋದೂ ಆ ನೆರಳು ಕಾಣೋದೂ ಒಂದೇ ಗುಣ ಅಂತ ಅವನ ಮನೆಯವರಿಗೆ ಹೇಳಬೇಕು ನಾನು. (ಸೂಕ್ಷ್ಮ ಇರೋರೆಲ್ಲ ಕಲಾವಿದರು ಅಂತ ಹೇಳ್ತಿಲ್ಲ, ಹಾಗೇನೂ ಇಲ್ಲ.)

ಈಗ ಪದಗಳಿಗೆ ಬರೋಣ. ‘ಅತಿಸೂಕ್ಷ್ಮ ವ್ಯಕ್ತಿ’ ಅಂತ ಬರೆದು ನೋಡಿದೆ. ಪೇಪರ್ ಓದೋರಿಗೆ ಅತಿಸೂಕ್ಷ್ಮ ಅಂದರೆ ಚುನಾವಣೆ ಹೊತ್ತಿನ ಮತಗಟ್ಟೆ, ಪೊಲೀಸ್ ಬಂದೋಬಸ್ತ್. ‘ಸೂಕ್ಷ್ಮಜೀವಿ’ ಅಂತೂ ರೋಗಾಣುವಿಗೆ ಹೋಗಿಬಿಟ್ಟಿದೆ. ‘ಸಂವೇದನಾಶೀಲ’ ಅನ್ನೋದು ಸನ್ಮಾನಪತ್ರದ ಪದ, ಲೇಖಕರಿಗೆ, ನಿರ್ದೇಶಕರಿಗೆ ಸಲ್ಲುತ್ತೆ, ಲೇಬಲ್ ಚುಚ್ಚೋ ಹುಡುಗನಿಗೆ ಯಾರೂ ಹಾಗನ್ನಲ್ಲ. ಭಾವುಕ, ಭಾವಜೀವಿ ಎರಡೂ ಭಾವನೆಯಲ್ಲೇ ನಿಲ್ಲುತ್ತವೆ, ಕಿವಿಗೂ ಚರ್ಮಕ್ಕೂ ಬರೋದಿಲ್ಲ. ‘ಹೆಂಗರುಳು’ ನನಗೆ ತುಂಬಾ ಇಷ್ಟದ ಪದ. ಆದರೆ ಅದು ಕರುಣೆಯ ಮಾತು, ಮೇಲಾಗಿ ಹದಿಮೂರು ವರ್ಷದ ಹುಡುಗನಿಗೆ ಅವನ ಗೆಳೆಯರ ಮುಂದೆ ಅದನ್ನು ಹೇಳಿದರೆ ಮಾರನೇ ದಿನ ಅವನ ಪಾಡು ಏನಾಗುತ್ತೆ ಅಂತ ನಿಮಗೇ ಗೊತ್ತಲ್ವಾ. ‘ಸೂಕ್ಷ್ಮಗ್ರಾಹಿ’ ಅರ್ಥಕ್ಕೆ ಹತ್ತಿರ ಇದೆ, ಮನೆಯಲ್ಲಿ ಆಡೋಕೆ ಬರಲ್ಲ.

ಇನ್ನು ನಮ್ಮ ಕಡೆ ಜನ ನಿಜವಾಗಿ ಏನಂತಾರೆ? ‘ಎಲ್ಲಾ ಮನಸಿಗಿ ಹಚ್ಕೋತಾನ್ರಿ’ ಅಂತಾರೆ. ಒಳ್ಳೆಯ ಮಾತು, ಆದರೆ ಬರೀ ಮನಸ್ಸಿನದು. ಇನ್ನೊಂದು, ‘ಭಾಳ ನಾಜೂಕ ಹಾನ್ರಿ’. ನನಗೆ ಇದರ ಮೇಲೇ ಕಣ್ಣು. ಪಾರಸಿಯಿಂದ ಉರ್ದುವಿಗೆ, ಅಲ್ಲಿಂದ ನಮಗೆ ಬಂದ ಪದ, ಬೀದರ್ ಕಲಬುರಗಿಯಲ್ಲಿ ಕನ್ನಡ ಮಾತಾಡೋರು ಉರ್ದು ಮಾತಾಡೋರು ಇಬ್ಬರ ಬಾಯಲ್ಲೂ ಇದೆ. ಗಾಜಿನ ಬಳೆ ನಾಜೂಕು, ಹೆರಿಗೆಯಾದವಳ ಮೈ ನಾಜೂಕು, ಎಳೇ ಮಗು ನಾಜೂಕು. ಬೇಗ ನೋಯುತ್ತೆ ಅನ್ನೋ ಅರ್ಥ ಇದು. ಆದರೆ ನಮ್ಮೂರಿನ ಹಳೇ ಕಾವಲು ಗೋಪುರ ಚೌಬಾರಾ ಕಡೆಯ ಗಲ್ಲಿಯಲ್ಲಿ ಬಿದ್ರಿ ಕೆಲಸಗಾರ ನಕ್ಷೆ ಮುಂದೆ ಇಟ್ಕೊಳ್ಳದೆ ಕೈಯಳತೆಯಲ್ಲೇ ಲೋಹದ ಮೇಲೆ ಹೂಬಳ್ಳಿ ಕೊರೆದು ಅದರೊಳಗೆ ಬೆಳ್ಳಿ ತಂತಿ ಬಡಿದು ಕೂರಿಸುವುದಕ್ಕೂ ‘ನಾಜೂಕ ಕೆಲಸ’ ಅಂತಲೇ ಅಂತಾರೆ. ಅದೇ ಕಸಬಿನಲ್ಲಿ, ಪಾತ್ರೆಯನ್ನು ಕಪ್ಪಾಗಿಸೋಕೆ ಕೋಟೆಯ ಹಳೆ ಮಣ್ಣು ತರುವಾಗ ಚಿಟಿಕೆ ಮಣ್ಣು ನಾಲಿಗೆ ಮೇಲೆ ಇಟ್ಟು ರುಚಿ ನೋಡಿ ಇದು ಬರುತ್ತೆ, ಇದು ಬರಲ್ಲ ಅಂತಾರೆ. ಆ ನಾಲಿಗೆಗೆ ಯಾರೂ ಮರುಕ ಪಡಲ್ಲ, ಅದರ ಮೇಲೆ ಕಸಬು ನಿಂತಿದೆ. ಬೇಗ ನೋಯೋದು, ನಯವಾಗಿ ಮಾಡೋದು ಎರಡನ್ನೂ ಹೊತ್ತ ಪದ ನಮ್ಮ ಹತ್ತಿರ ಇರುವಾಗ ಸಂಸ್ಕೃತದಿಂದ ಹೊಸದು ಕಟ್ಟೋದು ಯಾಕೆ ಅಂತ ನನ್ನ ವಾದ.

ಅನುಮಾನ ಇರೋದು ಒಂದೇ ಕಡೆ. ದಕ್ಷಿಣದಲ್ಲಿ ‘ನಾಜೂಕಯ್ಯ’ ಅಂತ ಆಡಿಕೊಳ್ಳೋದು ಕೇಳಿದ್ದೇನೆ, ಅಂಗಿ ಮಡಿಕೆ ಕೆಡದ ಹಾಗೆ ಓಡಾಡೋ, ಕೆಲಸಕ್ಕೆ ಬಗ್ಗದವನಿಗೆ. ಮೈಸೂರು, ಮಂಡ್ಯ, ಹಾಸನದವರು ಹೇಳಿ, ‘ನಾಜೂಕು’ ಅಂತಷ್ಟೇ ಅಂದರೂ ಆ ವಾಸನೆ ಬರುತ್ತಾ? ಕರಾವಳಿಯಲ್ಲಿ ಇದನ್ನು ಮನುಷ್ಯರಿಗೆ ಬಳಸ್ತೀರಾ, ವಸ್ತುವಿಗೆ ಮಾತ್ರನಾ? ಯಾದಗಿರಿ, ಸುರಪುರ ಕಡೆ ಇಂಥ ಮಕ್ಕಳಿಗೆ ಬೇರೇನಾದರೂ ಮಾತು ಇದ್ದರೆ ಅದನ್ನೂ ತಿಳಿಸಿ, ಅಲ್ಲಿಯ ಹಳ್ಳಿ ಮಾತು ನನ್ನ ಕಿವಿಗೆ ಅಷ್ಟಾಗಿ ಬಿದ್ದಿಲ್ಲ.

ಸದ್ಯಕ್ಕೆ ತಲೆಬರಹ ‘ನಿಮ್ಮ ಮನೆಯ ನಾಜೂಕು ಜೀವ’ ಅಂತ ಇಟ್ಟಿದ್ದೇನೆ. ‘ಮನಸ್ಸು’ ಬಿಟ್ಟು ‘ಜೀವ’ ಹಾಕಿದ್ದು ಬೇಕಂತಲೇ, ನಮ್ಮ ಕಡೆ ಜೀವ ಅಂದರೆ ಮೈಯೂ ಬಂತು ಮನಸ್ಸೂ ಬಂತು. ಓದಿದ ಕೂಡಲೇ ನಿಮಗೆ ಮೊದಲು ಹೊಳೆದದ್ದು ಕಾಯಿಲೆ ಮಗುವಾ, ಚುರುಕಿನ ಮಗುವಾ? ಅಷ್ಟನ್ನು ಒಂದು ಸಾಲಿನಲ್ಲಿ ಬರೆದರೂ ಸಾಕು, ನಿಮ್ಮ ಊರಿನ ಹೆಸರು ಮಾತ್ರ ಮರೀಬೇಡಿ.