ಸಹಾಯ ಬೇಕು: ಮಳೆಗಾಲದಲ್ಲಿ ಕ್ಲೌನ್ ಮೀನಿನ ಲಾರ್ವಾ ತೊಟ್ಟಿಯ ಉಪ್ಪಿನಂಶ

ಕಾಸರಗೋಡು, ಉಪ್ಪಳ, ಮಂಜೇಶ್ವರ ಕಡೆ ಸಮುದ್ರದ ನೀರು ತಂದು ಮರಿ ಮಾಡುವವರು ದಯವಿಟ್ಟು ನೋಡಿ.

ಮಳೆ ಹಿಡಿದ ಮೇಲೆ ಚಂದ್ರಗಿರಿ ಅಳಿವೆಯ ಹತ್ತಿರ ಹೊಳೆನೀರು ಸೇರಿ ಉಪ್ಪು ಇಳಿಯುತ್ತದೆ. ಆ ನೀರನ್ನು ಅಕ್ವೇರಿಯಂ ಉಪ್ಪು ಹಾಕಿ 32 ಪಿಪಿಟಿಗೆ (ಸಾವಿರ ಪಾಲಿನಲ್ಲಿ 32 ಪಾಲು ಉಪ್ಪು) ಏರಿಸಿ, ಒಂದು ದಿನ ಗಾಳಿ ಕೊಟ್ಟೇ ಬಳಸುವುದು. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ಸರಿಯಿದೆ: 36.5 ಗ್ರಾಂ ಶುದ್ಧ ಸೋಡಿಯಂ ಕ್ಲೋರೈಡನ್ನು 963.5 ಗ್ರಾಂ ಆರ್‌ಓ ನೀರಲ್ಲಿ ಕರಗಿಸಿ 35 ಪಿಪಿಟಿ ಸಮುದ್ರದ ನೀರಿನ ಗುರುತಿಗೆ ಹೊಂದಿಸಿದ್ದು. 40 ಲೀಟರ್ ತೊಟ್ಟಿಯಲ್ಲಿ ಒಂದು ಲೀಟರ್ ಆವಿಯಾದರೂ ಸುಮಾರು 0.8 ಪಿಪಿಟಿ ಏರುತ್ತದೆ. ಅದಕ್ಕೆ ಆರ್‌ಓ ನೀರು ಹನಿಹನಿಯಾಗಿ ಬೀಳುತ್ತಿದೆ. ಶಾಖ 28 ಡಿಗ್ರಿ.

ತೊಡಕಿರುವುದು ರೋಟಿಫರ್‌ನಲ್ಲಿ, ಅಂದರೆ ಲಾರ್ವಾಗೆ ಆಹಾರವಾಗಿ ಕೊಡುವ ತೀರ ಸಣ್ಣ ನೀರಜೀವಿಯಲ್ಲಿ. ಅದರ ಕಲ್ಚರ್ (ಬೇರೆ ಪಾತ್ರೆಯ ಸಾಕಣೆ) 20 ಪಿಪಿಟಿಯದ್ದು. ಸೋಸಿ ನೇರ ಲಾರ್ವಾ ತೊಟ್ಟಿಗೆ ಬಿಟ್ಟರೆ ಈಜು ನಿಲ್ಲಿಸಿ ತಳಕ್ಕಿಳಿಯುತ್ತವೆ. ಲಾರ್ವಾ ಹಿಡಿಯುವುದು ಅಲುಗಾಡುವ ಆಹಾರವನ್ನು. ಹಾಗಾಗಿ ಮೇಲೆ ಹಸಿವು, ಕೆಳಗೆ ಸತ್ತ ರೋಟಿಫರ್ ಕೊಳೆತು ಅಮೋನಿಯಾ. ಮೊದಲ ಮೂರು ದಿನದಲ್ಲೇ ಸಾವು ಹೆಚ್ಚು.

ರೋಟಿಫರನ್ನು 20ರಿಂದ 32ಕ್ಕೆ ತರುವಾಗ ನೀವು ಗಂಟೆಗೆ ಎಷ್ಟು ಪಿಪಿಟಿ ಏರಿಸುತ್ತೀರಿ? ಕಲ್ಚರನ್ನೇ 28 ಪಿಪಿಟಿಯಲ್ಲಿಟ್ಟವರಿಗೆ ಇಳುವರಿ ಎಷ್ಟು ಕುಸಿಯಿತು? ಅದಕ್ಕಿಂತ ಲಾರ್ವಾ ತೊಟ್ಟಿಯನ್ನೇ 27 ಪಿಪಿಟಿಗೆ ಇಳಿಸುವುದು ಮೇಲು ಅನಿಸುತ್ತದೆ, ಆದರೆ ಮೊಟ್ಟೆ ಒಡೆದ ಎಷ್ಟನೇ ದಿನದಿಂದ, ದಿನಕ್ಕೆ ಎಷ್ಟರಂತೆ ಇಳಿಸಬೇಕು? ಮಾಡಿ ನೋಡಿದವರು ನಿಮ್ಮ ಅಳತೆಗಳನ್ನೇ ಬರೆಯಿರಿ. ಈಗಿನ ಮೊಟ್ಟೆ ಒಡೆಯಲು ಎರಡೇ ದಿನ ಇದೆ.